ಕಾಗದವೋ ಪರದೆಯೋ: ಮುಂಬಯಿಯ ಕನ್ನಡ ಓದುಗರಿಗೆ ಒಂದಿಷ್ಟು ಲೆಕ್ಕ

ಕಾಗದ ಮೇಲೋ ಪರದೆ ಮೇಲೋ ಎಂಬ ಚರ್ಚೆ ಹೆಚ್ಚಾಗಿ ಇಂಗ್ಲಿಷ್ ಪುಸ್ತಕಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ನಡೆಯುತ್ತದೆ. ಅಲ್ಲಿ ಅಕ್ಷರ ಎರಡೂ ಕಡೆ ಚೆನ್ನಾಗಿಯೇ ಮೂಡುತ್ತದೆ. ಉಳಿದದ್ದು ಕಣ್ಣಿನ ಮತ್ತು ಅಭ್ಯಾಸದ ಮಾತು. ಕನ್ನಡಕ್ಕೆ ಬಂದರೆ ಲೆಕ್ಕ ಬೇರೆ. ನಮ್ಮಲ್ಲಿ ಪರದೆಯ ಓದು ಕೆಡುವುದು ಬಹುಪಾಲು ಕಡತದ (ಫೈಲಿನ) ದೋಷದಿಂದ. ಮುಂಬಯಿಯಲ್ಲಿ ಕಾಗದದ ಓದು ಕೆಡುವುದು ಜೂನ್‌ನಿಂದ ಸೆಪ್ಟೆಂಬರ್ ತನಕ ಬೀಸುವ ಒದ್ದೆ ಗಾಳಿಯಿಂದ. ಹೀಗಾಗಿ ಯಾವುದನ್ನು ಕೊಳ್ಳಬೇಕು ಎಂದು ಕೇಳುವ ಮೊದಲು ಏನನ್ನು ಓದುತ್ತೀರಿ, ಅದು ಯಾವ ರೂಪದಲ್ಲಿ ಸಿಗುತ್ತದೆ, ಎಲ್ಲಿ ಕೂತು (ಅಥವಾ ನಿಂತು) ಓದುತ್ತೀರಿ ಎಂದು ಕೇಳಿಕೊಳ್ಳಬೇಕು.

ಸಂಶೋಧನೆಯ ಮಾತನ್ನು ಮೊದಲೇ ಮುಗಿಸಿಬಿಡೋಣ. 2018ರಲ್ಲಿ ಡೆಲ್ಗಾಡೊ ಮತ್ತು ಸಂಗಡಿಗರು 54 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಅವುಗಳಲ್ಲಿ ಪಾಲ್ಗೊಂಡವರು 1,70,000ಕ್ಕೂ ಹೆಚ್ಚು. ಮಾಹಿತಿಯ ಬರಹವನ್ನು ಓದಿ ಅರ್ಥ ಮಾಡಿಕೊಳ್ಳುವುದರಲ್ಲಿ ಕಾಗದ ಸ್ವಲ್ಪ ಮುಂದಿತ್ತು. ಸಮಯದ ಒತ್ತಡ ಇದ್ದಾಗ ಅಂತರ ಇನ್ನೂ ಹೆಚ್ಚು. ಕಥೆಗಳಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನಿದ್ದೆಯ ಬಗ್ಗೆ ಎಲ್ಲರೂ ಎತ್ತಿ ಆಡುವ ಅಮೆರಿಕದ ಪ್ರಯೋಗ 2014ರ ಕೊನೆಗೆ ಪ್ರಕಟವಾದದ್ದು. ಅದರಲ್ಲಿ ಇದ್ದವರು 12 ಮಂದಿ. ಐಪ್ಯಾಡನ್ನು ಪೂರ್ತಿ ಬೆಳಕಿನಲ್ಲಿಟ್ಟು ಮಲಗುವ ಮೊದಲು 4 ಗಂಟೆ ಓದಿದಾಗ ನಿದ್ದೆ ಹತ್ತಲು ಸುಮಾರು 10 ನಿಮಿಷ ಹೆಚ್ಚು ಬೇಕಾಯಿತು. ರಾತ್ರಿ ಹತ್ತೂವರೆಗೆ ಮನೆ ಮುಟ್ಟುವ ಊರಿನಲ್ಲಿ ಮಲಗುವ ಮೊದಲು ನಾಲ್ಕು ಗಂಟೆ ಓದುವ ಪುಣ್ಯವಂತರು ಯಾರು ಮಾರಾಯ್ರೆ! ಒಟ್ಟಿನಲ್ಲಿ ಪರೀಕ್ಷೆಗೆ, ಕಾನೂನಿಗೆ, ಲೆಕ್ಕಪತ್ರಕ್ಕೆ ಕಾಗದ. ಕತೆ ಕಾದಂಬರಿಗೆ ಯಾವುದಾದರೂ ಸರಿ. ಇಷ್ಟು ಹಿಡಿದುಕೊಂಡರೆ ಸಾಕು.

ಲೋಕಲ್‌ನಲ್ಲಿ

ಡೊಂಬಿವಲಿಯಿಂದಲೋ ವಿರಾರಿನಿಂದಲೋ ದಿನವೂ ಹೋಗಿಬರುವವರಿಗೆ ಒಂದು ಕೈ ಮಾತ್ರ ಓದಿಗೆ ಸಿಗುತ್ತದೆ. ಇನ್ನೊಂದು ಹಿಡಿಕೆಯಲ್ಲಿರುತ್ತದೆ. ಆದ್ದರಿಂದ ಇಲ್ಲಿ ತೂಕವೇ ಮೊದಲ ಲೆಕ್ಕ. ಕನ್ನಡ ಪುಸ್ತಕಗಳ ಸಾಮಾನ್ಯ ಅಳತೆ ಡೆಮಿ 1/8, ಅಂದರೆ 5.5 × 8.5 ಇಂಚು, ಕಾಗದ ಹೆಚ್ಚಾಗಿ 70 ಜಿಎಸ್‌ಎಂ ಮ್ಯಾಪ್ಲಿಥೋ (ಚದರ ಮೀಟರಿಗೆ 70 ಗ್ರಾಂ ತೂಗುವ ಅಚ್ಚಿನ ಕಾಗದ). 300 ಪುಟದ ಪುಸ್ತಕದಲ್ಲಿ 150 ಹಾಳೆ, ರಕ್ಷಾಪುಟ ಸೇರಿ ಸುಮಾರು 340 ಗ್ರಾಂ. 600 ಪುಟದ ಕಾದಂಬರಿ 650 ಗ್ರಾಂ ದಾಟುತ್ತದೆ. 6 ಇಂಚಿನ ಇ-ಇಂಕ್ ರೀಡರ್ (ಕಿಂಡಲ್‌ನಂಥ, ಕಾಗದದಂತೆ ಕಾಣುವ ಪರದೆಯ ಓದುಸಾಧನ) 160ರಿಂದ 200 ಗ್ರಾಂ. ಮೊಬೈಲ್ ಕೂಡ ಅಷ್ಟೇ. 340 ಗ್ರಾಂ ತನಕ ಒಂದೇ ಕೈಯಲ್ಲಿ ಹೆಬ್ಬೆರಳನ್ನು ನಡುವೆ ಕೊಟ್ಟು ಹಿಡಿಯಬಹುದು, ಆದರೆ ಅಂಟಿನ ಬೈಂಡಿಂಗ್ ಇದ್ದರೆ ಪುಸ್ತಕ ತಾನಾಗಿ ಮುಚ್ಚಿಕೊಳ್ಳಲು ಎಳೆಯುತ್ತಲೇ ಇರುತ್ತದೆ. ಹೊಲಿಗೆಯ ಪುಸ್ತಕ ಬಿಟ್ಟಲ್ಲಿ ಬಿಡಿಸಿಕೊಂಡು ಕೂರುತ್ತದೆ. ಕೊಳ್ಳುವಾಗ ಬೆನ್ನಿನ ಮೇಲ್ತುದಿಯನ್ನು ನೋಡಿ: ಹಾಳೆಗಳು ಸಣ್ಣ ಸಣ್ಣ ಕಟ್ಟುಗಳಾಗಿ ಮಡಚಿಕೊಂಡಿದ್ದರೆ ಹೊಲಿಗೆ ಇರುವ ಸಾಧ್ಯತೆ ಹೆಚ್ಚು, ಎಲ್ಲ ಹಾಳೆಯೂ ಬಿಡಿಬಿಡಿಯಾಗಿ ಅಂಟಿನೊಳಗೆ ನಿಂತಿದ್ದರೆ ಬರೀ ಅಂಟು.

ದಿನಪತ್ರಿಕೆಯನ್ನು ಉದ್ದಕ್ಕೆ ಮಡಚಿ, ಮತ್ತೆ ಅಡ್ಡಕ್ಕೆ ಮಡಚಿ ಕಾಲುಭಾಗ ಮಾಡಿ ಓದುವ ವಿದ್ಯೆ ಲೋಕಲ್‌ನ ಹಳಬರಿಗೆಲ್ಲ ಗೊತ್ತು. ಅದಕ್ಕಿಂತ ಒಳ್ಳೆಯ ಒಂದು ಕೈಯ ಓದು ಇನ್ನೂ ಬಂದಿಲ್ಲ ಎಂದೇ ನನ್ನ ಅಭಿಪ್ರಾಯ.

ಪರದೆಯವರಿಗೆ ಮೂರು ಎಚ್ಚರಿಕೆ. ಬಾಗಿಲಲ್ಲಿ ನಿಂತು ಮೊಬೈಲಿನಲ್ಲಿ ಓದಬೇಡಿ. ಹಳಿಯ ಪಕ್ಕ ನಿಂತು ಕೋಲಿನಿಂದ ಕೈಗೆ ಹೊಡೆದು ಫೋನ್ ಬೀಳಿಸುವವರನ್ನು ಈ ಊರು ‘ಫಟ್ಕಾ ಗ್ಯಾಂಗ್’ ಎಂದೇ ಕರೆಯುತ್ತದೆ. ಎರಡನೆಯದು, ಮಳೆಹನಿ ಬಿದ್ದ ಅಥವಾ ಬೆವರಿದ ಬೆರಳು ತಗುಲಿದ ಟಚ್ ಪರದೆ ತನ್ನಷ್ಟಕ್ಕೆ ಪುಟ ಮಗುಚುತ್ತದೆ. ಹನಿಯನ್ನೂ ಅದು ಬೆರಳೆಂದೇ ತಿಳಿಯುವುದರಿಂದ ಹೀಗಾಗುವುದು. ಪುಟ ತಿರುಗಿಸಲು ಬಟನ್ ಇರುವ ರೀಡರ್ ಆದರೆ ಟಚ್ ಮುಚ್ಚಿಟ್ಟು ಓದಬಹುದು. ಮೂರನೆಯದು ಐಪಿಎಕ್ಸ್8 ಎಂಬ, ನೀರು ತಡೆಯುವ ಸಾಧನದ ಗುರುತು: ಅದರ ಭರವಸೆ ಸಿಹಿನೀರಿಗೆ ಮಾತ್ರ. ಮರೀನ್ ಡ್ರೈವ್‌ನ ಅಲೆ ಅದಕ್ಕೆ ಸೇರದು.

ಇ-ಇಂಕ್‌ನ ದೊಡ್ಡ ಗುಣ ಬಿಸಿಲಲ್ಲಿ ಗೊತ್ತಾಗುತ್ತದೆ. ಅದು ಹೊರಗಿನ ಬೆಳಕನ್ನೇ ಹಿಂದಿರುಗಿಸುವುದರಿಂದ ಕಿಟಕಿ ಪಕ್ಕ ಕಾಗದದಷ್ಟೇ ಸ್ಪಷ್ಟ. ಮೊಬೈಲ್ ಅದೇ ಬಿಸಿಲಿನೊಂದಿಗೆ ಪೈಪೋಟಿಗಿಳಿದು ಬ್ಯಾಟರಿ ತಿನ್ನುತ್ತದೆ. ಕತ್ತಲಲ್ಲಿ ಮಾತ್ರ ಮೊಬೈಲಿನ ಬೆಳಕನ್ನು ತೀರ ಕಡಿಮೆ ಮಾಡಿದರೆ ಇನ್ನೊಂದು ತೊಂದರೆ: ಅನೇಕ ಓಲೆಡ್ ಪರದೆಗಳು ಬೆಳಕನ್ನು ಇಳಿಸುವುದು ಸೆಕೆಂಡಿಗೆ ನೂರಾರು ಬಾರಿ ಆರಿಸಿ ಹೊತ್ತಿಸುವ ಮೂಲಕ. ಕಣ್ಣಿಗೆ ಕಾಣದಿದ್ದರೂ ಕೆಲವರಿಗೆ ತಲೆನೋವು ಬರುತ್ತದೆ. ಬೆಳಕು ಅರ್ಧಕ್ಕಿಟ್ಟು ಹಿನ್ನೆಲೆಯ ಬಣ್ಣವನ್ನು ಬೂದು ಮಾಡಿಕೊಳ್ಳುವುದು ವಾಸಿ.

ಕನ್ನಡ ಅಕ್ಷರ ಪರದೆಯ ಮೇಲೆ

ನಮ್ಮ ಅಕ್ಷರಕ್ಕೆ ಮೇಲೆ ತಲೆಕಟ್ಟು, ಪಕ್ಕದಲ್ಲಿ ದೀರ್ಘ, ಕೆಳಗೆ ಒತ್ತು, ಕೆಲವೊಮ್ಮೆ ಒತ್ತಿಗೂ ಒತ್ತು. ಹೀಗಾಗಿ ಇಂಗ್ಲಿಷಿಗೆ ಸಾಕಾಗುವ ಸಾಲಿನ ಅಂತರ ಕನ್ನಡಕ್ಕೆ ಸಾಲದು. ಆ್ಯಪ್‌ನಲ್ಲಿ ಅಂತರದ ಅಳತೆ ಕೊಡಲು ಬಂದರೆ 1.5ರಿಂದ 1.7ರ ನಡುವೆ ಇಡಿ, 1.2ರಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿಸಿಗೆ ತಾಗುತ್ತದೆ. ಅಕ್ಷರದ ಗಾತ್ರವನ್ನೂ ಇಂಗ್ಲಿಷಿಗಿಂತ ಎರಡು ಮೂರು ಪಾಯಿಂಟ್ ಹೆಚ್ಚು ಇಡಿ. ಮುಖ್ಯವಾಗಿ ಎರಡೂ ಅಂಚು ಸಮ ಮಾಡುವ ಜಸ್ಟಿಫೈಯನ್ನು ನಿಲ್ಲಿಸಿಬಿಡಿ. ಮೊಬೈಲಿನ ಪರದೆ ಎರಡೂಮುಕ್ಕಾಲು ಇಂಚು ಅಗಲ, ನಮ್ಮ ಪದಗಳೋ ಪ್ರತ್ಯಯ ಸೇರಿಸಿಕೊಂಡು ಬೆಳೆಯುವಂಥವು. ‘ಹೇಳಬೇಕಾಗಿತ್ತೆಂಬುದನ್ನು’ ಎಂಬ ಒಂದು ಪದ ಸಾಲಿನ ಅರ್ಧ ನುಂಗುತ್ತದೆ. ಆ್ಯಪ್‌ಗಳಿಗೆ ಕನ್ನಡ ಪದವನ್ನು ಸಾಲಿನ ಕೊನೆಯಲ್ಲಿ ಮುರಿಯಲು ಸಾಮಾನ್ಯವಾಗಿ ಬಾರದು. ಆಗ ಎರಡು ಪದಗಳ ನಡುವೆ ಇಡೀ ಪದ ಕೂರುವಷ್ಟು ಖಾಲಿ ಜಾಗ ಬೀಳುತ್ತದೆ, ಕಣ್ಣು ಎಡವುತ್ತದೆ. ಪರದೆಯಲ್ಲಿ ಕನ್ನಡ ಓದಿದರೆ ಸುಸ್ತಾಗುತ್ತದೆ ಎನ್ನುವವರಲ್ಲಿ ಅರ್ಧ ಮಂದಿಯ ಸುಸ್ತು ಈ ಒಂದು ಗುಂಡಿ ಒತ್ತಿದರೆ ಇಳಿದೀತು.

ಇ-ಇಂಕ್ ರೀಡರ್ ಕೊಳ್ಳುವುದಿದ್ದರೆ 300 ಪಿಪಿಐಗಿಂತ (ಪರದೆಯ ಒಂದು ಇಂಚಿನಲ್ಲಿರುವ ಚುಕ್ಕಿಗಳ ಸಂಖ್ಯೆ) ಕಡಿಮೆಯದ್ದು ಬೇಡ. ಹಳೆಯ ಅಗ್ಗದ ಮಾದರಿಗಳು 167 ಪಿಪಿಐ. ಅವುಗಳಲ್ಲಿ ‘ದ’ಕ್ಕೂ ‘ಧ’ಕ್ಕೂ ನಡುವಿನ ಆ ಸಣ್ಣ ಗೀರು ಬೂದು ಮಸಿಯಾಗುತ್ತದೆ. ಕೊಂಡ ಮೇಲೆ, ಅಥವಾ ಗೆಳೆಯರದ್ದನ್ನು ಪಡೆದು, ಮೊದಲು ಈ ಪದಗಳಿರುವ ಒಂದು ಪುಟ್ಟ ಕಡತ ಹಾಕಿ ನೋಡಿ: ಸ್ತ್ರೀ, ರಾಷ್ಟ್ರ, ಜ್ಞಾನ, ಸೂರ್ಯ, ಲಕ್ಷ್ಮಿ, ಹೃತ್ಪೂರ್ವಕ, ಕೋಟೆ, ಬ್ಯಾಂಕ್‌ನಲ್ಲಿ. ಎಲ್ಲವೂ ಚೌಕಗಳಾಗಿ ಕಂಡರೆ ಸಾಧನದಲ್ಲಿ ಕನ್ನಡ ಫಾಂಟ್ ಇಲ್ಲ. ಅದು ಸುಲಭದ ರೋಗ. ಒತ್ತಕ್ಷರಗಳು ಬಿಡಿಸಿಕೊಂಡು ‘ಸ್’ ‘ತ್’ ‘ರೀ’ ಎಂದು ಸಾಲಾಗಿ ನಿಂತರೆ, ಅಥವಾ ಚುಕ್ಕಿ ಚುಕ್ಕಿಯ ವೃತ್ತವೊಂದು ನಡುವೆ ಕಂಡರೆ, ಅಕ್ಷರ ಜೋಡಿಸುವ ತಂತ್ರಾಂಶಕ್ಕೇ ಕನ್ನಡ ಬರುವುದಿಲ್ಲ. ಫಾಂಟ್ ಬದಲಿಸಿ ಏನೂ ಪ್ರಯೋಜನವಿಲ್ಲ. ಕೊನೆಯ ಪದ ‘ನ’ ಒತ್ತಾಗಿ ಕೆಳಗಿಳಿದು ಕಂಡರೆ ಕಡತ ತಯಾರಿಸುವಾಗ ಕಣ್ಣಿಗೆ ಕಾಣದ ಬೇರ್ಪಡಿಸುವ ಸಂಕೇತ ಉದುರಿಹೋಗಿದೆ ಎಂದರ್ಥ. ಅದನ್ನು ಓದುವವರು ಸಹಿಸಿಕೊಳ್ಳಬೇಕು, ಅಷ್ಟೇ.

ಫಾಂಟ್ ಹಾಕುವ ಕ್ರಮ ಸರಳ. ಕಿಂಡಲ್ ಆಗಲಿ ಕೋಬೊ ಆಗಲಿ, ಕಂಪ್ಯೂಟರಿಗೆ ತಂತಿಯಿಂದ ಸೇರಿಸಿದರೆ ಪೆನ್‌ಡ್ರೈವ್‌ನಂತೆ ತೆರೆದುಕೊಳ್ಳುತ್ತದೆ. ‘ಫಾಂಟ್ಸ್’ ಎಂಬ ಫೋಲ್ಡರಿನಲ್ಲಿ (ಕೋಬೊದಲ್ಲಿ ಇಲ್ಲದಿದ್ದರೆ ನೀವೇ ಮಾಡಿ) ಟಿಟಿಎಫ್ ಕಡತ ಹಾಕಿ, ಸುರಕ್ಷಿತವಾಗಿ ಹೊರತೆಗೆದು, ಪುಸ್ತಕ ತೆರೆದು ಫಾಂಟ್ ಪಟ್ಟಿಯಲ್ಲಿ ಆರಿಸಿಕೊಳ್ಳಿ. ನೋಟೊ ಸೆರಿಫ್ ಕನ್ನಡ ಮತ್ತು ಟೈರೊ ಕನ್ನಡ ಎರಡೂ ಉಚಿತ, ಉದ್ದದ ಓದಿಗೆ ಎರಡೂ ಒಪ್ಪುತ್ತವೆ. ನೋಟೊದಲ್ಲಿ ‘ರೆಗ್ಯುಲರ್’ಗಿಂತ ‘ಮೀಡಿಯಮ್’ ದಪ್ಪ ತೆಗೆದುಕೊಳ್ಳಿ, ಯಾಕೆಂದರೆ ಇ-ಇಂಕ್‌ನಲ್ಲಿ ತೆಳು ಗೆರೆ ಕಪ್ಪಾಗದೆ ಬೂದಾಗಿ ಉಳಿಯುತ್ತದೆ. ‘ವೇರಿಯಬಲ್’ ಎಂದಿರುವ ಕಡತ ಬೇಡ, ಹಲವು ರೀಡರ್‌ಗಳು ಅದರ ದಪ್ಪವನ್ನು ಗುರುತಿಸುವುದಿಲ್ಲ. ಕೋಬೊ, ಪಾಕೆಟ್‌ಬುಕ್ ಇರುವವರು ಕೋರೀಡರ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡರೆ ಒತ್ತಕ್ಷರ ಸರಿಯಾಗಿ ಜೋಡಣೆಯಾಗುತ್ತದೆ; ಮುಂದೆ ಹೇಳುವ ಸ್ಕ್ಯಾನ್ ಪುಸ್ತಕಗಳಿಗೂ ಅದೇ ಒಳ್ಳೆಯದು.

ಒಂದು ಅಡ್ಡಿ ಮೊದಲೇ ಗೊತ್ತಿರಲಿ. ಕನ್ನಡ ಇ-ಪುಸ್ತಕ ಮಾರುವ ಆ್ಯಪ್‌ಗಳಲ್ಲಿ ಕೊಂಡದ್ದು ಸಾಮಾನ್ಯವಾಗಿ ಆ ಆ್ಯಪ್‌ನೊಳಗೇ ಉಳಿಯುತ್ತದೆ, ಬೇರೆ ರೀಡರಿಗೆ ದಾಟಿಸಲಾಗದು. ಹೊಸ ಕನ್ನಡ ಪುಸ್ತಕಗಳನ್ನೇ ಇ-ಇಂಕ್‌ನಲ್ಲಿ ಓದಬೇಕೆಂದರೆ ಆಂಡ್ರಾಯ್ಡ್ ಇರುವ ಇ-ಇಂಕ್ ಸಾಧನ ಬೇಕು. ಅದರಲ್ಲೂ ಆ್ಯಪ್‌ನ ಪುಟ ಮಗುಚುವ ಅಲಂಕಾರವನ್ನು ನಿಲ್ಲಿಸಿ, ಇಲ್ಲದಿದ್ದರೆ ಪ್ರತಿ ಸಲ ಹಿಂದಿನ ಪುಟದ ನೆರಳು ಉಳಿಯುತ್ತದೆ.

ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತಗಳದ್ದು ಬೇರೆಯೇ ಗೋಳು. ಅಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ. ಫಾಂಟ್ ಅವಕ್ಕೆ ಕನ್ನಡದ ಚಿತ್ರ ಹೊದಿಸುತ್ತದೆ. ಅಚ್ಚಿಗೆ ಕಳಿಸಿದರೆ ಅಂದವಾಗಿ ಬರುತ್ತದೆ. ಅದನ್ನೇ ನಕಲು ಮಾಡಿ ವಾಟ್ಸ್‌ಆ್ಯಪಿಗೆ ಅಂಟಿಸಿ ನೋಡಿ, ಬರೀ ಕಸ. ಹುಡುಕಲು ಬಾರದು, ಗಾತ್ರ ಹಿಗ್ಗಿಸಿದರೆ ಸಾಲು ಮರುಜೋಡಣೆ ಆಗದು, ಫೋನಿನಿಂದ ಓದಿಸಿ ಕೇಳಲೂ ಆಗದು. ಯುನಿಕೋಡ್‌ಗೆ (ಎಲ್ಲ ಸಾಧನಗಳಿಗೂ ಅರ್ಥವಾಗುವ ಅಕ್ಷರಸಂಕೇತ) ತಿರುಗಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ತಿರುಗಿಸಿದ ಮೇಲೆ ಅರ್ಕಾವತ್ತನ್ನು ತಪ್ಪದೆ ಪರೀಕ್ಷಿಸಿ: ಹಳೆಯ ಫಾಂಟಿನಲ್ಲಿ ಅದನ್ನು ಕಾಣುವ ಜಾಗದಲ್ಲೇ, ಅಂದರೆ ವ್ಯಂಜನದ ಆಮೇಲೆ ಒತ್ತುತ್ತಿದ್ದರು, ಯುನಿಕೋಡ್‌ನಲ್ಲಿ ‘ರ್’ ಮೊದಲು ಬರಬೇಕು. ಪರಿವರ್ತಕ ಎಡವುವುದು ಇಲ್ಲಿಯೇ. ದೀರ್ಘಗಳು, ಕೊಂಬುಗಳು ಆಮೇಲಿನ ಸರದಿ.

ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕಗಳು

ಹಳೆಯ ಕನ್ನಡ ಪುಸ್ತಕ ಮುಂಬಯಿಯಲ್ಲಿ ಬೇಕಾದಾಗ ಸಿಗುವುದು ಕಷ್ಟ. ಮಾಟುಂಗದ ಮೈಸೂರು ಅಸೋಸಿಯೇಶನ್ (1926), ಮಾಹಿಮಿನ ಕರ್ನಾಟಕ ಸಂಘ, ಕಲೀನಾದ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಇಂಥಲ್ಲಿ ಕೇಳಿ ನೋಡಬಹುದು. ಉಳಿದಂತೆ ಇಂಟರ್ನೆಟ್ ಆರ್ಕೈವ್‌ನ ಸ್ಕ್ಯಾನ್ ಪಿಡಿಎಫ್‌ಗಳೇ ಗತಿ. ಕೃತಿಸ್ವಾಮ್ಯದ ಲೆಕ್ಕ ನೆನಪಿರಲಿ: ಲೇಖಕರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ. ಪಂಜೆ ಮಂಗೇಶರಾಯರು ತೀರಿಕೊಂಡದ್ದು 1937ರಲ್ಲಿ, ಗೋವಿಂದ ಪೈಗಳು 1963ರಲ್ಲಿ; ಅವರ ಜೀವಿತಕಾಲದಲ್ಲಿ ಪ್ರಕಟವಾದ ಕೃತಿಗಳು ಈಗ ಎಲ್ಲರವು. ಇಂಥವು ಕನ್ನಡ ವಿಕಿಸೋರ್ಸ್‌ನಲ್ಲಿ ಟೈಪಾಗಿ ಕರಡು ತಿದ್ದಿಸಿಕೊಂಡಿದ್ದರೆ ಇಪಬ್ (ಅಕ್ಷರ ಹಿಗ್ಗಿಸಿದರೆ ಸಾಲು ತಾನಾಗಿ ಮರುಜೋಡಣೆಯಾಗುವ ಇ-ಪುಸ್ತಕ) ಆಗಿ ಇಳಿಸಿಕೊಳ್ಳಬಹುದು. ಅದು ಸಿಕ್ಕರೆ ಸ್ಕ್ಯಾನ್‌ನ ಗೊಡವೆಯೇ ಬೇಡ.

ಸ್ಕ್ಯಾನ್ ಪಿಡಿಎಫ್ ಅಂದರೆ ಪುಟದ ಫೋಟೋ. ಅಕ್ಷರ ಹಿಗ್ಗಿಸಿದರೆ ಪುಟವೇ ಹಿಗ್ಗುತ್ತದೆ. ಆದ್ದರಿಂದ ಇಲ್ಲಿ ಪರದೆಯ ಅಳತೆಯೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಡೆಮಿ 1/8 ಪುಟದಲ್ಲಿ ಅಚ್ಚಿನ ಭಾಗ ಸುಮಾರು 4.25 × 7 ಇಂಚು ಎಂದಿಟ್ಟುಕೊಳ್ಳಿ, ಅಕ್ಷರ 12 ಪಾಯಿಂಟ್.

6 ಇಂಚಿನ ರೀಡರಿನ ಪರದೆ 3.6 × 4.8 ಇಂಚು. ಇಡೀ ಪುಟ ಕೂರಿಸಿದರೆ ಶೇ 56ಕ್ಕೆ ಕುಗ್ಗಿ ಅಕ್ಷರ 7 ಪಾಯಿಂಟಿಗಿಂತ ಕೆಳಗಿಳಿಯುತ್ತದೆ, ಒತ್ತು ಕಾಣದು. ಅಂಚು ಕತ್ತರಿಸಿ, ಸಾಧನವನ್ನು ಅಡ್ಡ ಹಿಡಿದು, ಅಗಲಕ್ಕೆ ಹೊಂದಿಸಿದರೆ ಅಕ್ಷರ 13 ಪಾಯಿಂಟ್ ದಾಟುತ್ತದೆ, ಆದರೆ ಒಂದು ಪುಟಕ್ಕೆ ಮೂರು ಸಲ ಜರುಗಿಸಬೇಕು. 6.5 ಇಂಚಿನ ಮೊಬೈಲನ್ನು ಅಡ್ಡ ಹಿಡಿದರೆ ನಾಲ್ಕು ಸಲ. ನೆಟ್ಟಗೆ ಹಿಡಿದರೆ ಏಳೂವರೆ ಪಾಯಿಂಟ್, ಅದು ಔಷಧದ ಪೊಟ್ಟಣದ ಹಿಂದೆ ಅಚ್ಚಾಗುವ ಗಾತ್ರ. 7.8 ಇಂಚಿನ ರೀಡರಿನಲ್ಲಿ ಅಂಚು ಕತ್ತರಿಸಿದ ಪುಟ ಶೇ 89ರಷ್ಟು ಕೂರುತ್ತದೆ, ಹತ್ತೂವರೆ ಪಾಯಿಂಟಿನ ಮೇಲೆ. ಓದಬಹುದು. 10.3 ಇಂಚಿನದರಲ್ಲಿ ಪುಟ ಹೆಚ್ಚುಕಡಿಮೆ ಮೂಲ ಗಾತ್ರದಲ್ಲೇ ಬರುತ್ತದೆ, ಆದರೆ ತೂಕ 400 ಗ್ರಾಂ ಮುಟ್ಟುತ್ತದೆ. ಅದು ಮೇಜಿನ ಸಾಧನ, ಲೋಕಲ್‌ನದ್ದಲ್ಲ. ಸ್ಕ್ಯಾನ್ ಪುಸ್ತಕವೇ ಮುಖ್ಯ ಓದಾಗಿರುವವರು 6 ಇಂಚಿನದಕ್ಕೆ ದುಡ್ಡು ಹಾಕುವುದು ಶುದ್ಧ ದಂಡ.

ಸ್ಕ್ಯಾನ್ ಕೊಳೆಯಾಗಿದ್ದರೆ ಸ್ಕ್ಯಾನ್ ಟೈಲರ್ ಎಂಬ ಉಚಿತ ತಂತ್ರಾಂಶದಲ್ಲಿ ತೊಳೆಯಬಹುದು. ಅದಕ್ಕೆ ಪಿಡಿಎಫ್ ಕೊಡಲಾಗದು, ಮೊದಲು ಪುಟಗಳನ್ನು ಚಿತ್ರಗಳಾಗಿ ಹೊರತೆಗೆಯಬೇಕು. ಆಮೇಲೆ ಕ್ರಮವಾಗಿ: ಪುಟದ ದಿಕ್ಕು, ಜೋಡಿಪುಟ ಬೇರ್ಪಡಿಸುವುದು, ಓರೆ ತಿದ್ದುವುದು, ಅಚ್ಚಿನ ಭಾಗ ಗುರುತಿಸುವುದು, ಅಂಚು, ಕೊನೆಗೆ ಕಪ್ಪು-ಬಿಳುಪಿನಲ್ಲಿ 600 ಡಿಪಿಐ (ಇಂಚಿಗೆ 600 ಚುಕ್ಕಿ) ಹೊರಪ್ರತಿ. ಎಚ್ಚರ ಬೇಕಾದದ್ದು ಚುಕ್ಕಿ ತೆಗೆಯುವ ಹಂತದಲ್ಲಿ. ಅದನ್ನು ಜೋರಾಗಿಟ್ಟರೆ ಕಾಗದದ ಕಲೆಯ ಜೊತೆ ‘ಠ’ದ ಹೊಟ್ಟೆಯೊಳಗಿನ ಚುಕ್ಕಿಯೂ ಹೋಗಿ ಅದು ‘ರ’ ಆಗುತ್ತದೆ. ‘ಕಠಿಣ’ ‘ಕರಿಣ’ ಆಗಿಬಿಟ್ಟರೆ ತಪ್ಪು ಮುದ್ರಕನದ್ದೆಂದು ಪಾಪ ಅವನನ್ನು ಬೈಯುತ್ತೇವೆ. ‘ಷ’ದ ಒಳಗೆರೆ ಅಳಿದು ‘ಪ’ ಆಗುವುದೂ ಉಂಟು. ಚುಕ್ಕಿ ತೆಗೆಯುವುದನ್ನು ಕನಿಷ್ಠಕ್ಕಿಡಿ ಅಥವಾ ಬಿಟ್ಟೇಬಿಡಿ. ಮೂಲ ಸ್ಕ್ಯಾನ್ 150 ಡಿಪಿಐ ಆಗಿದ್ದರೆ ಏನು ತೊಳೆದರೂ ಇಲ್ಲದ ಗೀರು ಹುಟ್ಟಿ ಬರದು.

ಎಂಎ, ಪಿಎಚ್‌ಡಿ ಮಾಡುತ್ತಿರುವವರಿಗೆ ಮಾತ್ರ ನನ್ನ ಸಲಹೆ ತಿರುಗುಮುರುಗು: ಇಪಬ್ ಇದ್ದರೂ ಸ್ಕ್ಯಾನ್ ಇಟ್ಟುಕೊಳ್ಳಿ. ಇಪಬ್‌ನಲ್ಲಿ ಅಕ್ಷರದ ಗಾತ್ರ ಬದಲಿಸಿದರೆ ಪುಟಸಂಖ್ಯೆ ಓಡಿಹೋಗುತ್ತದೆ, ಅಡಿಟಿಪ್ಪಣಿಗೆ ಕೊಡಲು ಪುಟ ಇರುವುದಿಲ್ಲ. ‘ಎಡಪುಟದ ಮೇಲ್ಗಡೆ ಎಲ್ಲೋ ಇತ್ತು’ ಎಂದು ನೆನಪಿನಿಂದ ಹುಡುಕುವ ದಾರಿಯೂ ಸ್ಕ್ಯಾನ್‌ನಲ್ಲಿ ಮತ್ತು ಕಾಗದದಲ್ಲಿ ಮಾತ್ರ. ಇ-ರೀಡರಿನ ನಿಘಂಟನ್ನು ನಂಬಿಕೊಳ್ಳಬೇಡಿ. ‘ಮನೆಗಳಲ್ಲಿದ್ದ’ ಎಂಬುದರ ಮೇಲೆ ಬೆರಳೊತ್ತಿದರೆ ಅದು ಅಷ್ಟನ್ನೂ ಒಂದೇ ಪದವೆಂದು ಹುಡುಕಿ ಕೈಚೆಲ್ಲುತ್ತದೆ.

ಕಪಾಟಿನೊಳಗಿನ ಮಳೆಗಾಲ

ಇನ್ನು ಕಾಗದ. ಗಾಳಿಯ ತೇವ ಶೇ 65–70 ದಾಟಿ ನಿಂತರೆ ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತದೆ. ಮುಂಬಯಿಯ ಜುಲೈನಲ್ಲಿ ಅದು ದಿನಗಟ್ಟಲೆ ಶೇ 80ರ ಮೇಲೆಯೇ ಇರುತ್ತದೆ. ಎಲ್ಲರೂ ಮಾಡುವ ಉಪಾಯವೆಂದರೆ ಹೊಸ ಚಪ್ಪಲಿಯ ಡಬ್ಬಿಯಲ್ಲಿ ಬಂದ ಸಿಲಿಕಾ ಜೆಲ್ ಪೊಟ್ಟಣಗಳನ್ನು ಕಪಾಟಿನಲ್ಲಿ ಹರಡುವುದು. ಇದು ಯಾಕೆ ಕೆಲಸ ಮಾಡುವುದಿಲ್ಲ ಎಂಬುದನ್ನು ಒಮ್ಮೆ ಲೆಕ್ಕ ಹಾಕಿ ನೋಡಿ.

ಕಪಾಟಿನಲ್ಲಿ ನೂರು ಪುಸ್ತಕವಿದ್ದರೆ ಕಾಗದವೇ ಸುಮಾರು 35 ಕೆಜಿ. ತೇವ ಶೇ 85ರಿಂದ 55ಕ್ಕೆ ಇಳಿಯಬೇಕಾದರೆ ಕಾಗದ ತನ್ನ ತೂಕದ ಸುಮಾರು ಶೇ 4ರಷ್ಟು ನೀರು ಬಿಡಬೇಕು. ಅದು 1.4 ಕೆಜಿ, ಒಂದು ಲೀಟರ್ ಬಾಟಲಿಗೂ ಹೆಚ್ಚು. ಸಿಲಿಕಾ ಜೆಲ್ ತನ್ನ ತೂಕದ ಕಾಲುಭಾಗದಷ್ಟು ನೀರು ಹಿಡಿದೀತು ಅಂದುಕೊಂಡರೂ ಐದೂವರೆ ಕೆಜಿ ಜೆಲ್ ಬೇಕು. ಅದೂ ಕಪಾಟಿನ ಬಾಗಿಲು ಗಾಳಿ ಆಡದಂತೆ ಮುಚ್ಚಿಕೊಂಡರೆ. ಸಾಮಾನ್ಯ ಕಪಾಟಿನಲ್ಲಿ ಹೊರಗಿನ ತೇವ ಸಂದಿನಿಂದ ಬರುತ್ತಲೇ ಇರುತ್ತದೆ. 5 ಗ್ರಾಂ ಪೊಟ್ಟಣ ಹತ್ತಿಟ್ಟರೆ ಆಗುವುದು ಮನಸ್ಸಿನ ಸಮಾಧಾನ ಮಾತ್ರ.

ಆದ್ದರಿಂದ ಪುಸ್ತಕಗಳನ್ನು ಎರಡು ಪಾಲು ಮಾಡಿ. ಮತ್ತೆ ಸಿಗದ ಹತ್ತು ಹದಿನೈದನ್ನು ರಬ್ಬರ್ ಅಂಚಿನ, ಬಿಗಿಯಾಗಿ ಮುಚ್ಚುವ ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ. ಹತ್ತು ಪುಸ್ತಕಕ್ಕೆ ಅರ್ಧ ಕೆಜಿಗಿಂತ ಸ್ವಲ್ಪ ಹೆಚ್ಚು ಜೆಲ್ ಸಾಕು. ಬಟ್ಟೆಯ ಚೀಲದಲ್ಲಿ ಕಟ್ಟಿ, ಪುಸ್ತಕಕ್ಕೆ ತಾಗದಂತೆ ಇಡಿ. ಬಣ್ಣ ಬದಲಾಗುವ ಜೆಲ್‌ನಲ್ಲಿ ನೀಲಿ ಬಣ್ಣದ್ದು ಕೋಬಾಲ್ಟ್ ಸೇರಿದ್ದು, ಕಿತ್ತಳೆಯದ್ದು ವಾಸಿ. ಬಣ್ಣ ತಿರುಗಿದಾಗ 110–120 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿ ಎರಡು ಗಂಟೆ ಇಟ್ಟರೆ ಮತ್ತೆ ಬಳಸಬಹುದು. ಅಡುಗೆಯ ತಟ್ಟೆ ಮಾತ್ರ ಬೇಡ. ಡಬ್ಬಿ ತುಂಬುವ ಕಾಲವೂ ಮುಖ್ಯ: ಜನವರಿ, ಫೆಬ್ರವರಿ. ಮೇ ತಿಂಗಳಲ್ಲಿ ಬಿಸಿಲು ಜೋರಿದ್ದರೂ ಕಡಲಗಾಳಿಯಲ್ಲಿ ತೇವ ಏರಿರುತ್ತದೆ, ಆಗ ತುಂಬಿದರೆ ತೇವವನ್ನೇ ಒಳಗೆ ಬಂದ್ ಮಾಡಿದಂತೆ.

ಉಳಿದ ಪುಸ್ತಕಗಳಿಗೆ ಗಾಳಿಯೇ ಮದ್ದು. ಕಪಾಟನ್ನು ಹೊರಗೋಡೆಗೆ, ಅದರಲ್ಲೂ ಮಳೆ ಬಡಿಯುವ ಪಶ್ಚಿಮದ ಗೋಡೆಗೆ ಒರಗಿಸಬೇಡಿ. ನಾಲ್ಕು ಬೆರಳು ಅಂತರವಿರಲಿ. ಪುಸ್ತಕಗಳನ್ನು ಒತ್ತಿ ತುಂಬದೆ, ಬೆರಳು ಹಾಕಿ ತೆಗೆಯುವಷ್ಟು ಸಡಿಲ ಬಿಡಿ. ಫ್ಯಾನ್ ಓಡುವ ಕೋಣೆಯಲ್ಲಿ ಬಾಗಿಲು ತೆರೆದ ಕಪಾಟು, ಬಾಗಿಲು ಮುಚ್ಚಿದ ಕಪಾಟಿಗಿಂತ ಮೇಲು. ಒಂದು ಕೋಣೆಯ ಮನೆಯಲ್ಲಿ ಲಾಫ್ಟ್ ಬಿಟ್ಟರೆ ಜಾಗವಿಲ್ಲ ನಿಜ, ಆದರೆ ಕೊನೆಯ ಮಹಡಿಯ ಲಾಫ್ಟ್‌ಗೆ ಚಾವಣಿಯ ಸೋರಿಕೆ ಮೊದಲು ತಲುಪುತ್ತದೆ; ಅಲ್ಲಿಡಲೇಬೇಕಾದರೆ ರದ್ದಿಗೆ ಹೋದರೂ ಬೇಸರವಾಗದಂಥವನ್ನು ಇಡಿ. ರಕ್ಷಾಪುಟಕ್ಕೆ ಪ್ಲಾಸ್ಟಿಕ್ ಹೊದಿಕೆ ಹಾಕುವ ಶಾಲೆಯ ಅಭ್ಯಾಸ ಇಲ್ಲಿ ಬೇಡ, ಅದರಡಿಯಲ್ಲಿ ತೇವ ಸಿಕ್ಕಿಹಾಕಿಕೊಳ್ಳುತ್ತದೆ. ಬೇವಿನೆಲೆ ಇಡುವವರು ಪೂರ್ತಿ ಒಣಗಿಸಿ ಇಡಿ. ಹಸಿ ಎಲೆ ಅಂದರೆ ಕಪಾಟಿಗೆ ನೀವೇ ನೀರು ಹಾಕಿದ ಹಾಗೆ. ನುಸಿಗುಳಿಗೆ ಬೂಷ್ಟನ್ನು ಏನೂ ಮಾಡುವುದಿಲ್ಲ.

ಬೂಷ್ಟು ಬಂದೇಬಿಟ್ಟರೆ ಒದ್ದೆ ಬಟ್ಟೆಯಿಂದ ಒರೆಸಬೇಡಿ, ಅದು ಬೂಷ್ಟಿನ ಬೀಜವನ್ನು ಕಾಗದದೊಳಗೆ ತಿಕ್ಕುತ್ತದೆ. ಎನ್95 ಮಾಸ್ಕ್ ಹಾಕಿ, ಪುಸ್ತಕವನ್ನು ಮೊದಲು ನೆರಳಿನ ಗಾಳಿಯಲ್ಲಿ ಒಣಗಿಸಿ, ಆಮೇಲೆ ಬಾಲ್ಕನಿಯಲ್ಲಿ ಒಣ ಮೆದು ಬ್ರಶ್‌ನಿಂದ ಬೆನ್ನಿನ ಕಡೆಯಿಂದ ಹೊರಕ್ಕೆ ಗುಡಿಸಿ. ಕಡುಬಿಸಿಲಿಗೆ ಗಂಟೆಗಟ್ಟಲೆ ಒಡ್ಡಿದರೆ ಕಾಗದ ಹಳದಿಯಾಗಿ ಗರಿಗರಿಯಾಗುತ್ತದೆ. ನ್ಯೂಸ್‌ಪ್ರಿಂಟಿನಲ್ಲಿ ಅಚ್ಚಾದ ಹಳೆಯ ಅಗ್ಗದ ಆವೃತ್ತಿಗಳಂತೂ ಬೇಗನೆ, ಅದರಲ್ಲಿ ಮರದ ಲಿಗ್ನಿನ್ ಹಾಗೇ ಉಳಿದಿರುತ್ತದೆ. ಬೆಳ್ಳಿಮೀನು ಹುಳ ಮೈದಾಹಿಟ್ಟಿನ ಅಂಟಿಗೆ ಬರುತ್ತದೆ. ಹುಳ ಬಿದ್ದ ಪುಸ್ತಕವನ್ನು ಜಿಪ್ ಚೀಲದಲ್ಲಿ ಹಾಕಿ, ಗಾಳಿ ಹೊರದಬ್ಬಿ, ಮೈನಸ್ 18 ಡಿಗ್ರಿಯ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ. ತಣ್ಣನೆಯ ಕಾಗದದ ಮೇಲೆ ಗಾಳಿಯ ನೀರು ಇಳಿಯುತ್ತದೆ.

2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಮೀ ಮಳೆ ಸುರಿದಿತ್ತು. ಹಾಗೆ ನೀರು ಮನೆಗೆ ನುಗ್ಗಿದಾಗ ನೆನಪಿಡಬೇಕಾದ ಅವಧಿ 48 ಗಂಟೆ. ಅಷ್ಟರೊಳಗೆ ಒಣಗದಿದ್ದರೆ ಬೂಷ್ಟು ಶುರು. ಒದ್ದೆ ಪುಸ್ತಕವನ್ನು ಬಲವಂತವಾಗಿ ಬಿಡಿಸದೆ, ಹತ್ತಿಪ್ಪತ್ತು ಪುಟಕ್ಕೊಂದು ಬಿಳಿ ಹಾಳೆ ಸೇರಿಸಿ (ದಿನಪತ್ರಿಕೆ ಬೇಡ, ಮಸಿ ಹತ್ತುತ್ತದೆ), ನೆಟ್ಟಗೆ ನಿಲ್ಲಿಸಿ ಫ್ಯಾನ್ ಹಾಕಿ, ಹಾಳೆ ಒದ್ದೆಯಾದಂತೆ ಬದಲಿಸುತ್ತಿರಿ. ಆರ್ಟ್ ಪೇಪರಿನ ಚಿತ್ರಪುಟಗಳು ಒಣಗುವಾಗ ಒಂದಕ್ಕೊಂದು ಅಂಟಿ ಹಲಗೆಯಾಗುತ್ತವೆ. ಮೊದಲ ಗಮನ ಅವಕ್ಕೆ. ಪುಸ್ತಕ ಬಹಳವಿದ್ದು ಕೈ ಸಾಲದಿದ್ದರೆ ಉಳಿದವನ್ನು ಚೀಲದಲ್ಲಿ ಹಾಕಿ ಫ್ರೀಜರಿಗೆ ತಳ್ಳಿ. ಅಲ್ಲಿ ಬೂಷ್ಟು ಬೆಳೆಯದು, ಬಿಡುವಾದಾಗ ಒಂದೊಂದಾಗಿ ಒಣಗಿಸಬಹುದು.

ಪರದೆಯಿಂದ ಕಾಗದಕ್ಕೆ

ಎರಡರ ನಡುವೆ ಇನ್ನೊಂದು ದಾರಿಯಿದೆ, ಅದಕ್ಕೆ ಸಿಗಬೇಕಾದ ಬೆಲೆ ಸಿಕ್ಕಿಲ್ಲ: ಬೇಕಾದಷ್ಟನ್ನು ಅಚ್ಚು ಹಾಕಿಸಿಕೊಳ್ಳುವುದು. ಎ4 ಹಾಳೆಯ ಅರ್ಧ ಎ5, ಅದು 148 × 210 ಮಿಮೀ. ಡೆಮಿ 1/8 ಅಂದರೆ 140 × 216. ಹೆಚ್ಚುಕಡಿಮೆ ಒಂದೇ. ಹಾಗಾಗಿ ಸ್ಕ್ಯಾನ್ ಪುಸ್ತಕವನ್ನು ‘ಬುಕ್‌ಲೆಟ್’ ಆಯ್ಕೆಯಲ್ಲಿ ಎ4 ಮೇಲೆ ಹಾಕಿದರೆ ಅಕ್ಷರ ಮೂಲ ಗಾತ್ರದಲ್ಲೇ ಬರುತ್ತದೆ, ಒಂದು ಹಾಳೆಗೆ ನಾಲ್ಕು ಪುಟ. ಜೆರಾಕ್ಸ್ ಅಂಗಡಿಯವರಿಗೆ ಹೇಳಬೇಕಾದ ಒಂದೇ ಮಾತು: ಎರಡೂ ಬದಿಯ ಮುದ್ರಣದಲ್ಲಿ ‘ಶಾರ್ಟ್ ಎಡ್ಜ್’ ಮೇಲೆ ತಿರುಗಿಸಿ. ‘ಲಾಂಗ್ ಎಡ್ಜ್’ ಇದ್ದರೆ ಹಿಂಬದಿ ತಲೆಕೆಳಗು. ಮೊದಲು ಎರಡೇ ಹಾಳೆ ಹಾಕಿಸಿ, ಮಡಚಿ, ಪುಟ ಸರಿಯಾಗಿ ಓಡುತ್ತದೆಯೇ ನೋಡಿ ಆಮೇಲೆ ಉಳಿದದ್ದನ್ನು ಕೊಡಿ. ಹನ್ನೆರಡು ಹಾಳೆ ದಾಟಿದರೆ ನಡುವೆ ಪಿನ್ನು ಹೊಡೆದು ಮಡಚಬೇಡಿ, ಒಳಹಾಳೆಗಳು ಹೊರಗೆ ಚಾಚಿಕೊಳ್ಳುತ್ತವೆ. ನಾಲ್ಕು ನಾಲ್ಕು ಹಾಳೆಯ ಕಟ್ಟು ಮಾಡಿ ಹೊಲಿಸಿ. ಸ್ಪೈರಲ್ ಹಾಕಿಸುವುದಾದರೆ ಎಡ ಅಂಚಿನಲ್ಲಿ 10 ಮಿಮೀ ಬಿಡಿಸಿ.

ಲೇಸರ್ ಅಚ್ಚೇ ಇರಲಿ. ಇಂಕ್‌ಜೆಟ್‌ನ ಬಣ್ಣದ ಶಾಯಿ ಇಲ್ಲಿಯ ತೇವಕ್ಕೆ ಹರಡಿಕೊಳ್ಳುತ್ತದೆ. ಲೇಸರ್ ಟೋನರ್ ಪ್ಲಾಸ್ಟಿಕ್‌ನದ್ದು, ತೇವಕ್ಕೆ ಜಗ್ಗದು. ಆದರೆ ಆ ಹಾಳೆಯನ್ನು ಪಿವಿಸಿ ಕವರಿನೊಳಗೆ ವರ್ಷಗಟ್ಟಲೆ ಇಟ್ಟರೆ ಅಕ್ಷರ ಕವರಿಗೇ ಅಂಟಿ ಎದ್ದು ಬರುತ್ತದೆ. ಮನೆಯಲ್ಲೇ ಪ್ರಿಂಟರ್ ಇದ್ದರೆ ಮಳೆಗಾಲದಲ್ಲಿ ಕಾಗದದ ಕಟ್ಟನ್ನು ಬಿಚ್ಚಿಡಬೇಡಿ, ತೇವ ಕುಡಿದ ಹಾಳೆ ಬಿಸಿ ರೋಲರಿನಲ್ಲಿ ಸುರುಳಿಯಾಗಿ ಸಿಕ್ಕಿಕೊಳ್ಳುತ್ತದೆ.

ಮಕ್ಕಳಿಗೆ ಕನ್ನಡ ಕಲಿಸುವವರಿಗೆ ಈ ದಾರಿ ಹೇಳಿ ಮಾಡಿಸಿದ್ದು. ಮಹಾರಾಷ್ಟ್ರದ ಬಾಲಭಾರತಿ 8 ಭಾಷೆಗಳಲ್ಲಿ ಪಠ್ಯಪುಸ್ತಕ ತರುತ್ತದೆ, ಕನ್ನಡವೂ ಅದರಲ್ಲೊಂದು. ಪಿಡಿಎಫ್‌ಗಳು ಅವರ ಜಾಲತಾಣದಲ್ಲಿ ಉಚಿತ. ಒಂದನೆಯ, ಎರಡನೆಯ ತರಗತಿಯ ಪುಸ್ತಕದಿಂದ ವಾರಕ್ಕೆ ಎರಡು ಪಾಠ ಎ4 ಹಾಳೆಯಲ್ಲಿ, ಎರಡು ಪುಟ ಒಟ್ಟಿಗೆ ಸೇರಿಸದೆ, ಪೂರ್ತಿ ಗಾತ್ರದಲ್ಲೇ ತೆಗೆದುಕೊಡಿ. ಅಕ್ಷರದ ಮೇಲೆಯೇ ಪೆನ್ಸಿಲ್ ಆಡಿಸಲಿ, ಒತ್ತುಗಳಿಗೆ ಸುತ್ತು ಹಾಕಲಿ. ಪೆನ್ಸಿಲ್ 2ಬಿ ಆದರೆ ಜೆರಾಕ್ಸ್ ಕಾಗದದ ಮೇಲೆ ಮೆಲ್ಲನೆ ಒತ್ತಿದರೂ ಗೆರೆ ಮೂಡುತ್ತದೆ. ಎಚ್‌ಬಿ ಪುಟ್ಟ ಕೈಗೆ ಗಟ್ಟಿ.